ಗೆದ್ದು ಏರೋದಲ್ಲ, ಕಟ್ಟಿ ಏರೋದು: ಅಮೆರಿಕದ ಕಾಲೇಜುಗಳು ಡಿವಿಷನ್ ಬದಲಿಸುವುದು ಹೇಗೆ?

ರಣಜಿ ಟ್ರೋಫಿಯಲ್ಲಿ ಪ್ಲೇಟ್ ಗುಂಪಿನ ತಂಡ ಚೆನ್ನಾಗಿ ಆಡಿದರೆ ಎಲೀಟ್ ಗುಂಪಿಗೆ ಏರುತ್ತದೆ. ಇಂಗ್ಲೆಂಡಿನ ಫುಟ್‌ಬಾಲ್ ಲೀಗ್‌ಗಳಲ್ಲೂ ಇದೇ ನಿಯಮ: ಗೆದ್ದವರು ಮೇಲೆ, ಸೋತವರು ಕೆಳಗೆ. ಅಮೆರಿಕದ ಕಾಲೇಜು ಕ್ರೀಡೆಯಲ್ಲಿ ಹಾಗಿಲ್ಲ. ಅಲ್ಲಿ ಒಂದು ಕಾಲೇಜು ಮೇಲಿನ ಡಿವಿಷನ್‌ಗೆ ಹೋಗುವುದು ಆಡಳಿತ ಮಂಡಳಿಯ ತೀರ್ಮಾನದಿಂದ. ಅರ್ಜಿ ಹಾಕಬೇಕು, ಶುಲ್ಕ ಕಟ್ಟಬೇಕು, ವರ್ಷಗಟ್ಟಲೆ ಕಾಯಬೇಕು. ಅಂಕಪಟ್ಟಿಯಲ್ಲಿ ಕೊನೆಯಲ್ಲಿದ್ದರೂ ಹೋಗಬಹುದು. ದುಡ್ಡಿಲ್ಲದಿದ್ದರೆ ಮಾತ್ರ ಆಗಲ್ಲ.

ಮೊದಲು ರಚನೆ ನೋಡೋಣ. ಕಾಲೇಜು ಕ್ರೀಡೆಯನ್ನು ನಡೆಸುವ ಸಂಸ್ಥೆ ಎನ್‌ಸಿಎಎ. 1973ರಲ್ಲಿ ಅದು ಕಾಲೇಜುಗಳನ್ನು ಮೂರು ಡಿವಿಷನ್‌ಗಳಾಗಿ ವಿಂಗಡಿಸಿತು. ಡಿವಿಷನ್ ಒಂದರಲ್ಲಿ ಈಗ 360ಕ್ಕೂ ಹೆಚ್ಚು ಕಾಲೇಜುಗಳಿವೆ. ಟಿವಿ, ದುಡ್ಡು, ಹೆಸರು ಎಲ್ಲ ಇರುವುದು ಅಲ್ಲೇ. ಡಿವಿಷನ್ ಎರಡರಲ್ಲಿ ಕ್ರೀಡಾ ಸ್ಕಾಲರ್‌ಶಿಪ್ ಕಡಿಮೆ, ಮೂರರಲ್ಲಿ ಇಲ್ಲವೇ ಇಲ್ಲ. ಅಮೆರಿಕನ್ ಫುಟ್‌ಬಾಲ್‌ಗೆ ಮಾತ್ರ ಡಿವಿಷನ್ ಒಂದರ ಒಳಗೇ ಮತ್ತೆರಡು ಮೆಟ್ಟಿಲುಗಳಿವೆ: ಮೇಲೆ ಎಫ್‌ಬಿಎಸ್, ಕೆಳಗೆ ಎಫ್‌ಸಿಎಸ್. ನಾವು ಇಂಜಿನಿಯರಿಂಗ್ ಓದುವಾಗ ಕಾಲೇಜು ಸ್ಪೋರ್ಟ್ಸ್ ಅಂದ್ರೆ ಪಿಟಿ ಸರ್, ಒಂದು ಮೈದಾನ, ಹಾಜರಾತಿ ಕೊಡಿಸುವ ಒಂದು ಪತ್ರ, ಅಷ್ಟೇ. ಇಲ್ಲಿ ಮಾತಾಡುತ್ತಿರುವುದು ಅದರ ಬಗ್ಗೆ ಅಲ್ಲ.

ಏರಬೇಕು ಅಂದ್ರೆ ಮೊದಲು ಆ ಮಟ್ಟದ ಯಾವುದಾದರೂ ಕಾನ್ಫರೆನ್ಸ್, ಅಂದರೆ ಕಾಲೇಜುಗಳ ಲೀಗ್, ಕರೆಯಬೇಕು. ಆಮೇಲೆ ಶುಲ್ಕ. ಡಿವಿಷನ್ ಎರಡರಿಂದ ಒಂದಕ್ಕೆ ಬರಲು ಇದು 10 ಲಕ್ಷ ಡಾಲರ್ ಮೀರುತ್ತದೆ. ಎಫ್‌ಸಿಎಸ್‌ನಿಂದ ಎಫ್‌ಬಿಎಸ್‌ಗೆ ಹೋಗುವ ಶುಲ್ಕ 5,000 ಡಾಲರ್ ಇತ್ತು. 2023ರ ಅಕ್ಟೋಬರ್‌ನಲ್ಲಿ ಅದನ್ನು ಒಂದೇ ಏಟಿಗೆ 50 ಲಕ್ಷ ಡಾಲರ್ ಮಾಡಿದರು. ಸಾವಿರ ಪಟ್ಟು! ನಮ್ಮ ಲೆಕ್ಕದಲ್ಲಿ 40 ಕೋಟಿ ರೂಪಾಯಿಗೂ ಹೆಚ್ಚು. ಮೇಲೆ ಹತ್ತಿದವರು ಏಣಿ ಎಳೆದುಕೊಂಡರು ಅಂತಲೇ ನಾನು ಇದನ್ನು ಓದಿಕೊಳ್ಳುವುದು.

ಮೂರನೆಯದು ಕಾಯುವುದು. ಡಿವಿಷನ್ ಎರಡರಿಂದ ಬಂದವರಿಗೆ ಇದು ನಾಲ್ಕು ವರ್ಷ ಇತ್ತು. 2025ರಲ್ಲಿ, ಷರತ್ತುಗಳನ್ನು ಪೂರೈಸಿದರೆ ಮೂರು ವರ್ಷ ಅಂತ ಇಳಿಸಿದರು. ಎಫ್‌ಬಿಎಸ್‌ಗೆ ಎರಡು ವರ್ಷ. ಈ ಅವಧಿಯಲ್ಲಿ ತಂಡ ಲೀಗ್ ಪಂದ್ಯಗಳನ್ನು ಆಡಬಹುದು, ಆದರೆ ಎನ್‌ಸಿಎಎಯ ಕೊನೆಯ ಟೂರ್ನಿಗೆ ಅರ್ಹತೆ ಇಲ್ಲ. ಹೊಸ ಕಾಲೇಜು ಓದು, ಆಡಳಿತ, ಸೌಲಭ್ಯ ಎಲ್ಲದರಲ್ಲೂ ಸಜ್ಜಾಗಲಿ ಎಂಬುದು ಇದರ ಸಮರ್ಥನೆ. ಆದರೆ ಒಬ್ಬ ವಿದ್ಯಾರ್ಥಿಗೆ ಆಡಲು ಸಿಗುವುದೇ ಸಾಮಾನ್ಯವಾಗಿ ನಾಲ್ಕು ಸೀಸನ್. ತಪ್ಪು ವರ್ಷದಲ್ಲಿ ಅಡ್ಮಿಷನ್ ಆದವನ ಇಡೀ ಕ್ರೀಡಾಜೀವನ ಕಾಯುವುದರಲ್ಲೇ ಮುಗಿದುಹೋಗಬಹುದು.

ಇದು ಬರೀ ಊಹೆಯಲ್ಲ. ಮ್ಯಾಸಚೂಸೆಟ್ಸ್‌ನ ಮೆರಿಮ್ಯಾಕ್ ಕಾಲೇಜು 2019ರಲ್ಲಿ ಡಿವಿಷನ್ ಒಂದಕ್ಕೆ ಬಂತು. 2023ರಲ್ಲಿ ಅದರ ಬ್ಯಾಸ್ಕೆಟ್‌ಬಾಲ್ ಹುಡುಗರು ತಮ್ಮ ಕಾನ್ಫರೆನ್ಸ್ ಫೈನಲ್‌ನಲ್ಲಿ ಫೇರ್ಲೀ ಡಿಕಿನ್ಸನ್ ತಂಡವನ್ನು 67-66ರಿಂದ ಸೋಲಿಸಿದರು. ಕಪ್ ಮೆರಿಮ್ಯಾಕ್‌ಗೆ, ರಾಷ್ಟ್ರೀಯ ಟೂರ್ನಿಯ ಸೀಟು ಸೋತವರಿಗೆ! ಕಾಯುವ ಅವಧಿ ಮುಗಿದಿರಲಿಲ್ಲ, ಅಷ್ಟೇ ಕಾರಣ. ಆ ಫೇರ್ಲೀ ಡಿಕಿನ್ಸನ್ ತಂಡವೇ ಮುಂದೆ ಹೋಗಿ ಅಗ್ರ ಶ್ರೇಯಾಂಕದ ಪರ್ಡ್ಯೂವನ್ನು 63-58ರಿಂದ ಮಣಿಸಿತು. 16ನೇ ಶ್ರೇಯಾಂಕದ ತಂಡ ಮೊದಲ ಶ್ರೇಯಾಂಕದ ತಂಡವನ್ನು ಸೋಲಿಸಿದ್ದು ಪುರುಷರ ಟೂರ್ನಿಯ ಚರಿತ್ರೆಯಲ್ಲೇ ಅದು ಎರಡನೇ ಸಲ.

ಅದೇ ವರ್ಷ ವರ್ಜೀನಿಯಾದ ಜೇಮ್ಸ್ ಮ್ಯಾಡಿಸನ್ ಫುಟ್‌ಬಾಲ್ ತಂಡ ಮೊದಲ ಹತ್ತು ಪಂದ್ಯಗಳನ್ನೂ ಗೆದ್ದಿತು. ಎಫ್‌ಬಿಎಸ್‌ಗೆ ಬಂದು ಎರಡನೇ ಸೀಸನ್. ಸೀಸನ್ ಕೊನೆಯ ಬೌಲ್ ಪಂದ್ಯಕ್ಕೆ ವಿನಾಯಿತಿ ಕೇಳಿದರೆ ಎನ್‌ಸಿಎಎ ಕೊಡಲಿಲ್ಲ. ರಾಜ್ಯದ ಅಟಾರ್ನಿ ಜನರಲ್ ಕೋರ್ಟಿಗೆ ಹೋಗ್ತೀವಿ ಅಂತ ಎಚ್ಚರಿಸಿದರೂ ಜಗ್ಗಲಿಲ್ಲ. ಕೊನೆಗೆ ಅರ್ಹ ತಂಡಗಳ ಸಂಖ್ಯೆ ಸಾಲದೆ ಬಂದಾಗ, ಖಾಲಿ ಜಾಗ ತುಂಬಲು ಇವರನ್ನು ಕರೆದರು. ಅಂದರೆ ಅರ್ಹತೆ ತತ್ತ್ವದ ಪ್ರಶ್ನೆಯಾಗಿತ್ತು, ಸ್ಲಾಟ್ ಖಾಲಿ ಬೀಳುವವರೆಗೆ!

ಇನ್ನು ಅಸಲಿ ಪ್ರಶ್ನೆ: ದುಡ್ಡು ಯಾರದ್ದು? ಬೆರಳೆಣಿಕೆಯ ದೊಡ್ಡ ಕಾಲೇಜುಗಳನ್ನು ಬಿಟ್ಟರೆ ಉಳಿದ ಕಡೆ ಟಿಕೆಟ್, ಟಿವಿ ಹಣದಿಂದ ಖರ್ಚು ಹುಟ್ಟಲ್ಲ. ಉಳಿದದ್ದನ್ನು ವಿಶ್ವವಿದ್ಯಾಲಯದ ಬೊಕ್ಕಸ ಮತ್ತು ವಿದ್ಯಾರ್ಥಿಗಳ ಫೀ ತುಂಬುತ್ತವೆ. ಹಲವು ಸರ್ಕಾರಿ ವಿಶ್ವವಿದ್ಯಾಲಯಗಳಲ್ಲಿ ಕ್ರೀಡೆಯ ಶುಲ್ಕ ಎಲ್ಲರ ಬಿಲ್ಲಿನಲ್ಲೂ ಸೇರಿರುತ್ತದೆ, ಒಂದೂ ಪಂದ್ಯ ನೋಡದವರದ್ದರಲ್ಲೂ. ಬೆಂಗಳೂರಿನಿಂದ ಎಂಎಸ್ ಮಾಡಲು ಸಾಲ ತೆಗೆದು ಹೋಗುವವರು ಬಿಲ್ಲಿನ ಈ ಸಾಲನ್ನು ಓದಿಕೊಳ್ಳುವುದು ಒಳ್ಳೇದು. ಇದು ಮಿತಿಮೀರುತ್ತಿದೆ ಎಂದೇ ವರ್ಜೀನಿಯಾ 2015ರಲ್ಲಿ ಕಾನೂನು ಮಾಡಿ ಸಬ್ಸಿಡಿಗೆ ಮಿತಿ ಹಾಕಿತು: ಎಫ್‌ಸಿಎಸ್ ಕಾಲೇಜಿಗೆ 70%, ದೊಡ್ಡ ಕಾನ್ಫರೆನ್ಸ್‌ಗಳ ಹೊರಗಿನ ಎಫ್‌ಬಿಎಸ್ ಕಾಲೇಜಿಗೆ 55%. ಮಿತಿಯೇ ಇಷ್ಟಿದೆ ಅಂದ್ರೆ ಪರಿಸ್ಥಿತಿ ಅರ್ಥ ಮಾಡ್ಕೊಳ್ಳಿ.

ನನಗೆ ಸರಿ ಅನ್ನಿಸುವ ದಾರಿ ಕ್ಯಾಲಿಫೋರ್ನಿಯಾದ ಯುಸಿ ಸ್ಯಾನ್ ಡಿಯಾಗೊದ್ದು. ಡಿವಿಷನ್ ಒಂದಕ್ಕೆ ಹೋಗಬೇಕೇ, ಅದಕ್ಕೆ ಫೀ ಹೆಚ್ಚು ಕಟ್ಟುತ್ತೀರಾ ಅಂತ ಅಲ್ಲಿ ವಿದ್ಯಾರ್ಥಿಗಳನ್ನೇ ಕೇಳಿದರು. 2012ರಲ್ಲಿ ಬೇಡ ಅಂದರು. 2016ರಲ್ಲಿ ಮತ್ತೆ ಮತದಾನವಾಗಿ, ಸುಮಾರು 70% ಮಂದಿ ಹೂಂ ಅಂದರು. ಒಪ್ಪಿದ ಏರಿಕೆ ಕ್ವಾರ್ಟರ್‌ಗೆ 160 ಡಾಲರ್. 2020ರಲ್ಲಿ ಬಿಗ್ ವೆಸ್ಟ್ ಕಾನ್ಫರೆನ್ಸ್ ಸೇರಿ, ನಾಲ್ಕು ವರ್ಷ ಕಾದು, ಅರ್ಹತೆ ಸಿಕ್ಕ ಮೊದಲ ಸೀಸನ್‌ನಲ್ಲೇ, 2025ರ ಮಾರ್ಚ್‌ನಲ್ಲಿ, ಪುರುಷರ ಮತ್ತು ಮಹಿಳೆಯರ ಎರಡೂ ಬ್ಯಾಸ್ಕೆಟ್‌ಬಾಲ್ ತಂಡಗಳು ರಾಷ್ಟ್ರೀಯ ಟೂರ್ನಿಗೆ ಹೋದವು. ಪುರುಷರ ತಂಡ ಮಿಷಿಗನ್ ವಿರುದ್ಧ ಮೂರೇ ಅಂಕಗಳಿಂದ ಸೋತಿತು. ಮತ ಹಾಕಿದವರು ಅಷ್ಟರಲ್ಲಿ ಡಿಗ್ರಿ ಮುಗಿಸಿ ಹೋಗಿದ್ದರು, ಏರಿದ ಫೀ ಮಾತ್ರ ಹೊಸಬರಿಗೆ ಉಳಿಯಿತು. ಆ ಕೊರತೆ ಇದ್ದೇ ಇದೆ. ಆದರೂ ಕೇಳದೇ ಬಿಲ್ಲಿಗೆ ಸೇರಿಸುವುದಕ್ಕಿಂತ ಇದು ಎಷ್ಟೋ ವಾಸಿ.

ಈಗ ಏರಿದ ಮೇಲಿನ ಖರ್ಚೂ ಬದಲಾಗಿದೆ. 2025ರ ಜೂನ್‌ನಲ್ಲಿ ಕೋರ್ಟ್ ಒಪ್ಪಿದ ಹೌಸ್ ಪ್ರಕರಣದ ರಾಜಿಯಂತೆ, ಕಾಲೇಜುಗಳು ಆಟಗಾರರಿಗೆ ನೇರವಾಗಿ ಹಣ ಕೊಡಬಹುದು, ಮೊದಲ ವರ್ಷದ ಮಿತಿ ಸುಮಾರು 2.05 ಕೋಟಿ ಡಾಲರ್. ಆಟಗಾರರಿಗೆ ಇದು ಬರಬೇಕಾಗಿದ್ದ ನ್ಯಾಯ, ಅದರಲ್ಲಿ ನನಗೆ ಅನುಮಾನವಿಲ್ಲ. ಕೊಡಲೇಬೇಕೆಂಬ ಕಡ್ಡಾಯವೇನೂ ಇಲ್ಲ. ಆದರೆ ಕೊಡದ ಚಿಕ್ಕ ಕಾಲೇಜಿನಲ್ಲಿ ಒಳ್ಳೆಯ ಆಟಗಾರ ಎಷ್ಟು ದಿನ ಉಳಿದಾನು?

ಹಾಗಾಗಿ ಕೆಳಗಿಳಿಯುವವರೂ ಇದ್ದಾರೆ. ಕನೆಕ್ಟಿಕಟ್‌ನ ಹಾರ್ಟ್‌ಫರ್ಡ್ ವಿಶ್ವವಿದ್ಯಾಲಯದ ಪುರುಷರ ಬ್ಯಾಸ್ಕೆಟ್‌ಬಾಲ್ ತಂಡ 2021ರಲ್ಲಿ ಮೊದಲ ಬಾರಿ ರಾಷ್ಟ್ರೀಯ ಟೂರ್ನಿ ಆಡಿತು. ಅದೇ ಮೇ ತಿಂಗಳಲ್ಲಿ ಆಡಳಿತ ಮಂಡಳಿ ಡಿವಿಷನ್ ಮೂರಕ್ಕೆ ಇಳಿಯಲು ತೀರ್ಮಾನಿಸಿತು. ಪೆನ್ಸಿಲ್ವೇನಿಯಾದ ಸೇಂಟ್ ಫ್ರಾನ್ಸಿಸ್ 2025ರ ಮಾರ್ಚ್‌ನಲ್ಲಿ ಟೂರ್ನಿ ಆಡಿ ಎರಡೇ ಅಂಕಗಳಿಂದ ಸೋತಿತು. ಡಿವಿಷನ್ ಮೂರಕ್ಕೆ ಹೋಗುವ ಪ್ರಕಟಣೆ ಬಂದಿದ್ದು ಅದಾಗಿ ಕೆಲವೇ ದಿನಗಳಲ್ಲಿ.