ಯಾದೃಚ್ಛಿಕ ಪರಿಣಾಮಗಳ ಆಯ್ಕೆ

ಯಾದೃಚ್ಛಿಕ ಪರಿಣಾಮಗಳ ಆಯ್ಕೆ ಎಂಬುದು ಸಂಖ್ಯಾಶಾಸ್ತ್ರದ ಮಿಶ್ರ ಪರಿಣಾಮ ಮಾದರಿಗಳನ್ನು ರಚಿಸುವಾಗ ಕೈಗೊಳ್ಳುವ ಒಂದು ಮುಖ್ಯ ನಿರ್ಧಾರ. ದತ್ತಾಂಶದಲ್ಲಿರುವ ಗುಂಪುಗಳಲ್ಲಿ (ಊರು, ವರ್ಷ, ತಾಕು, ಮರ, ಶಾಲೆ, ರೋಗಿ ಇತ್ಯಾದಿ) ಯಾವುವನ್ನು ಸ್ಥಿರ ಪರಿಣಾಮವೆಂದೂ ಯಾವುವನ್ನು ಯಾದೃಚ್ಛಿಕ ಪರಿಣಾಮವೆಂದೂ ಪರಿಗಣಿಸಬೇಕು ಎಂಬುದನ್ನು ಇದು ನಿರ್ಣಯಿಸುತ್ತದೆ. ಒಂದೇ ದತ್ತಾಂಶದಿಂದ ಎಷ್ಟು ವಿಶ್ವಾಸದಿಂದ, ಎಷ್ಟು ವ್ಯಾಪಕವಾದ ತೀರ್ಮಾನಕ್ಕೆ ಬರಬಹುದು ಎಂಬುದು ಈ ಆಯ್ಕೆಯನ್ನು ಅವಲಂಬಿಸಿದೆ.

ಪರಿಕಲ್ಪನೆ

ಸ್ಥಿರ ಪರಿಣಾಮದಲ್ಲಿ ಪ್ರತಿಯೊಂದು ಹಂತದ ಬೆಲೆಯೇ ಅಧ್ಯಯನದ ವಿಷಯವಾಗಿರುತ್ತದೆ. ಯಾದೃಚ್ಛಿಕ ಪರಿಣಾಮದಲ್ಲಿ ಹಂತಗಳು ದೊಡ್ಡದೊಂದು ಸಮುದಾಯದಿಂದ ಬಂದ ಮಾದರಿಗಳೆಂದು ಭಾವಿಸಿ, ಅವುಗಳ ನಡುವಿನ ವಿಚರಣೆಯನ್ನು (ವೇರಿಯನ್ಸ್) ಅಂದಾಜಿಸಲಾಗುತ್ತದೆ. ಎರಡೂ ಬಗೆಯ ಪರಿಣಾಮಗಳುಳ್ಳ ಮಾದರಿಯೇ ಮಿಶ್ರ ಮಾದರಿ.

ಇತಿಹಾಸ

ವಿಚರಣೆಯನ್ನು ಘಟಕಗಳಾಗಿ ವಿಂಗಡಿಸುವ ಕ್ರಮ ಆರ್. ಎ. ಫಿಷರ್ ಅವರ 1918ರ ಪ್ರಬಂಧದಲ್ಲಿ ಕಾಣಿಸುತ್ತದೆ. ಸ್ಥಿರ ಮತ್ತು ಯಾದೃಚ್ಛಿಕ ಮಾದರಿಗಳ ಭೇದವನ್ನು ಚರ್ಚಿಲ್ ಐಸೆನ್‌ಹಾರ್ಟ್ 1947ರಲ್ಲಿ ಸ್ಪಷ್ಟಪಡಿಸಿದರು. ಜಾನುವಾರು ತಳಿ ಅಭಿವೃದ್ಧಿಗಾಗಿ ಸಿ. ಆರ್. ಹೆಂಡರ್ಸನ್ ಯಾದೃಚ್ಛಿಕ ಪರಿಣಾಮಗಳನ್ನು ಮುನ್ಸೂಚಿಸುವ ವಿಧಾನವನ್ನು ರೂಪಿಸಿದರು. ಹೂವಿನಹಡಗಲಿಯಲ್ಲಿ 1920ರಲ್ಲಿ ಜನಿಸಿದ ಸಿ. ಆರ್. ರಾವ್ ಅವರು 1970ರ ದಶಕದ ಆರಂಭದಲ್ಲಿ ವಿಚರಣಾ ಘಟಕಗಳನ್ನು ಅಂದಾಜಿಸಲು ‘ಮಿಂಕ್ಯೂ’ ಎಂಬ ವಿಧಾನವನ್ನು ನೀಡಿದರು. ಇಂದು ಹೆಚ್ಚಾಗಿ ಬಳಕೆಯಲ್ಲಿರುವ ‘ರೆಮ್ಲ್’ ವಿಧಾನವನ್ನು ಪ್ಯಾಟರ್ಸನ್ ಮತ್ತು ಥಾಂಪ್ಸನ್ 1971ರಲ್ಲಿ ಪ್ರಕಟಿಸಿದರು.

ಉದಾಹರಣೆ: ಗೇರು ತಳಿ ಪರೀಕ್ಷೆ

ದಕ್ಷಿಣ ಕನ್ನಡ ಜಿಲ್ಲೆಯ ಪುತ್ತೂರಿನಲ್ಲಿರುವ, ದರ್ಬೆ ಅಂಚೆ ವಿಳಾಸದ ಗೇರು ಸಂಶೋಧನಾ ನಿರ್ದೇಶನಾಲಯವು 1986ರಲ್ಲಿ ರಾಷ್ಟ್ರೀಯ ಗೇರು ಸಂಶೋಧನಾ ಕೇಂದ್ರವಾಗಿ ಆರಂಭವಾಯಿತು. ಅಖಿಲ ಭಾರತ ಸಮನ್ವಯ ಗೇರು ಸಂಶೋಧನಾ ಯೋಜನೆಯ ಕೇಂದ್ರ ಸ್ಥಾನವೂ ಇದೇ. ಮಹಾರಾಷ್ಟ್ರದ ವೆಂಗುರ್ಲಾ, ತಮಿಳುನಾಡಿನ ವೃದ್ಧಾಚಲಂ, ಆಂಧ್ರಪ್ರದೇಶದ ಬಾಪಟ್ಲ, ಕೇರಳದ ಮಡಕ್ಕತ್ತರ ಮೊದಲಾದ ಕೇಂದ್ರಗಳು ಈ ಯೋಜನೆಯಲ್ಲಿವೆ. ಹಲವು ಊರುಗಳಲ್ಲಿ, ಹಲವು ವರ್ಷ ನಡೆಯುವ ಇಂತಹ ಪರೀಕ್ಷೆಗಳ ವಿನ್ಯಾಸವು ಮಿಶ್ರ ಮಾದರಿಗೆ ಸಹಜವಾಗಿ ಒಗ್ಗುತ್ತದೆ.

ಕಲ್ಪಿತ ಪರೀಕ್ಷೆಯೊಂದರಲ್ಲಿ 10 ತಳಿಗಳನ್ನು 7 ಕೇಂದ್ರಗಳಲ್ಲಿ, ಪ್ರತಿ ಕೇಂದ್ರದಲ್ಲಿ 3 ಬ್ಲಾಕ್‌ಗಳಲ್ಲಿ, ತಾಕಿಗೆ 4 ಕಸಿ ಗಿಡಗಳಂತೆ ನೆಟ್ಟು 6 ವರ್ಷ ಇಳುವರಿಯನ್ನು ತೂಗಲಾಗಿದೆ ಎಂದುಕೊಳ್ಳೋಣ. ಒಟ್ಟು ಮರಗಳು 840, ದಾಖಲೆಗಳು 5040. ಆದರೆ ಇವು 5040 ಸ್ವತಂತ್ರ ಸಾಕ್ಷ್ಯಗಳಲ್ಲ. ಒಂದೇ ಮರದ ಆರು ವರ್ಷಗಳ ಫಸಲು, ಒಂದೇ ಬ್ಲಾಕಿನ ಮಣ್ಣು, ಒಂದೇ ಊರಿನ ಮಳೆ ಇವೆಲ್ಲವೂ ದಾಖಲೆಗಳನ್ನು ಪರಸ್ಪರ ಬೆಸೆಯುತ್ತವೆ. ಆರು ವರ್ಷಗಳ ತಾಕು ಸರಾಸರಿಯನ್ನು ತೆಗೆದುಕೊಂಡರೆ ಮಾದರಿಯನ್ನು ಹೀಗೆ ಬರೆಯಬಹುದು:

ಇಳುವರಿ = ಸರಾಸರಿ + ತಳಿ + ಕೇಂದ್ರ + ಕೇಂದ್ರದೊಳಗಿನ ಬ್ಲಾಕ್ + (ತಳಿ × ಕೇಂದ್ರ) + ಶೇಷ

ಇಲ್ಲಿ ಹೋಲಿಕೆಗೆ ಒಳಪಡುವ ತಳಿಯು ಸ್ಥಿರ ಪರಿಣಾಮ. ಶಿಫಾರಸು ಈ ಏಳು ತೋಟಗಳಿಗಷ್ಟೇ ಅಲ್ಲದೆ ಇಡೀ ಗೇರು ಪ್ರದೇಶಕ್ಕೆ ಅನ್ವಯಿಸಬೇಕಾದರೆ ಕೇಂದ್ರ ಮತ್ತು ತಳಿ–ಕೇಂದ್ರ ಅಂತಃಕ್ರಿಯೆ ಯಾದೃಚ್ಛಿಕ ಪರಿಣಾಮಗಳಾಗುತ್ತವೆ.

ಬಿಟ್ಟುಬಿಟ್ಟರೆ ಆಗುವ ದೋಷ

ಮೇಲಿನ ಪರೀಕ್ಷೆಯಲ್ಲಿ ಅಂತಃಕ್ರಿಯೆಯ ವಿಚರಣೆ 0.70, ತಾಕು ಸರಾಸರಿಯ ಶೇಷ ವಿಚರಣೆ 1.05 (ಎರಡೂ ಕಿಲೋಗ್ರಾಂ ವರ್ಗದಲ್ಲಿ) ಎಂದಿರಲಿ. ಎರಡು ತಳಿಗಳ ವ್ಯತ್ಯಾಸದ ವಿಚರಣೆಯು 2 × (0.70/7 + 1.05/21) = 0.30, ಮಾನಕ ದೋಷ ಸುಮಾರು 0.55 ಕಿಲೋಗ್ರಾಂ. ಅಂತಃಕ್ರಿಯೆಯನ್ನು ಮಾದರಿಯಿಂದ ಬಿಟ್ಟರೆ ಅದು ಶೇಷದಲ್ಲಿ ಬೆರೆತು ಮಾನಕ ದೋಷ ಸುಮಾರು 0.40 ಎಂದು ತೋರುತ್ತದೆ. ಒಂದು ತಳಿಯು ಇನ್ನೊಂದಕ್ಕಿಂತ ಮರಕ್ಕೆ 0.9 ಕಿಲೋಗ್ರಾಂ ಹೆಚ್ಚು ಕೊಟ್ಟಿದ್ದರೆ, ಮೊದಲ ಲೆಕ್ಕದಲ್ಲಿ ಅನುಪಾತ 1.64, ಎರಡನೆಯದರಲ್ಲಿ 2.25. ವಾಡಿಕೆಯ ಶೇಕಡಾ 5ರ ಮಟ್ಟದಲ್ಲಿ ಎರಡನೆಯ ವಿಶ್ಲೇಷಕ ಮಾತ್ರ ತಳಿಯನ್ನು ಉತ್ತಮವೆಂದು ಘೋಷಿಸುತ್ತಾನೆ. ಗೇರು ಬಹುವಾರ್ಷಿಕ ಬೆಳೆ. ಒಮ್ಮೆ ನೆಟ್ಟ ಮರ ದಶಕಗಳ ಕಾಲ ತೋಟದಲ್ಲಿರುವುದರಿಂದ ಇಂತಹ ತಪ್ಪು ಶಿಫಾರಸಿನ ಹೊರೆಯನ್ನು ಬೆಳೆಗಾರ ಬಹುಕಾಲ ಹೊರಬೇಕಾಗುತ್ತದೆ.

ಪ್ರತಿ ಕೇಂದ್ರದಲ್ಲಿ ಮರಗಳನ್ನು ಹೆಚ್ಚಿಸಿದರೆ ಎರಡನೆಯ ಪದ ಮಾತ್ರ ತಗ್ಗುತ್ತದೆ. ಮೊದಲ ಪದವನ್ನು ತಗ್ಗಿಸಲು ಕೇಂದ್ರಗಳ ಸಂಖ್ಯೆಯೇ ಹೆಚ್ಚಬೇಕು.

ಆಯ್ಕೆಯ ಮಾನದಂಡಗಳು

ವಿನ್ಯಾಸ: ಪರೀಕ್ಷೆಯನ್ನು ನೆಟ್ಟ ಕ್ರಮವೇ ಮೊದಲ ಮಾರ್ಗದರ್ಶಿ. ಉಪಚಾರವನ್ನು ಯಾವ ಘಟಕಕ್ಕೆ ನೀಡಲಾಗಿದೆಯೋ ಆ ಘಟಕ ಮಾದರಿಯಲ್ಲಿರಬೇಕು. ತಳಿಯನ್ನು ತಾಕಿಗೆ ಹಂಚಿದ್ದರೆ, ಮರವಾರು ವಿಶ್ಲೇಷಣೆಯಲ್ಲಿ ತಾಕನ್ನು ಕೈಬಿಡುವಂತಿಲ್ಲ.

ತೀರ್ಮಾನದ ವ್ಯಾಪ್ತಿ: ಈ ಊರುಗಳ ಬಗ್ಗೆ ಮಾತ್ರ ಹೇಳುವುದಿದ್ದರೆ ಊರು ಸ್ಥಿರ ಪರಿಣಾಮವಾಗಬಹುದು; ಬೇರೆ ಊರುಗಳಿಗೂ ಅನ್ವಯಿಸಬೇಕಾದರೆ ಯಾದೃಚ್ಛಿಕ.

ಹಂತಗಳ ಸಂಖ್ಯೆ: ಎರಡು ಮೂರು ಹಂತಗಳಿಂದ ವಿಚರಣೆಯನ್ನು ನಂಬಲರ್ಹವಾಗಿ ಅಂದಾಜಿಸಲಾಗದು. ಕನಿಷ್ಠ ಐದಾರು ಹಂತಗಳಿರಬೇಕೆಂಬುದು ವಾಡಿಕೆಯ ಸೂತ್ರವೇ ಹೊರತು ನಿಯಮವಲ್ಲ. ಒಂದು ಕೇಂದ್ರದ ಮೂರು ಬ್ಲಾಕ್‌ಗಳನ್ನು ಸ್ಥಿರವೆಂದು ಪರಿಗಣಿಸುವುದು ಸಾಮಾನ್ಯ.

ಅಂತರ್ಗತವೇ, ಅಡ್ಡಹಾಯುವುದೇ: ಬ್ಲಾಕ್ ಕೇಂದ್ರದೊಳಗೆ ಅಂತರ್ಗತ, ವರ್ಷ ಮತ್ತು ಕೇಂದ್ರ ಒಂದನ್ನೊಂದು ಅಡ್ಡಹಾಯುತ್ತವೆ. ಎಲ್ಲ ಕೇಂದ್ರಗಳಲ್ಲೂ ಬ್ಲಾಕ್‌ಗಳಿಗೆ 1, 2, 3 ಎಂದೇ ಸಂಖ್ಯೆ ನೀಡಿದ್ದರೆ, ಪುತ್ತೂರಿನ ಬ್ಲಾಕ್ 1 ಮತ್ತು ವೆಂಗುರ್ಲಾದ ಬ್ಲಾಕ್ 1 ಒಂದೇ ಎಂದು ತಂತ್ರಾಂಶ ತಿಳಿಯುವ ಅಪಾಯವಿದೆ.

ಪರೀಕ್ಷೆ ಮತ್ತು ಭಿನ್ನಾಭಿಪ್ರಾಯ

ವಿಚರಣೆ ಸೊನ್ನೆಗಿಂತ ಕಡಿಮೆಯಾಗಲಾರದು. ಆದ್ದರಿಂದ ಒಂದು ವಿಚರಣಾ ಘಟಕ ಬೇಕೇ ಎಂದು ಸಂಭಾವ್ಯತಾ ಅನುಪಾತದಿಂದ ಪರೀಕ್ಷಿಸುವಾಗ, ಸಾಮಾನ್ಯ ಕೋಷ್ಟಕದ ಪಿ–ಬೆಲೆಯು ಸರಿಯಾದ ಬೆಲೆಯ ಸುಮಾರು ಎರಡರಷ್ಟಿರುತ್ತದೆ. ರೆಮ್ಲ್ ಆಧಾರಿತ ಹೋಲಿಕೆಯು ಸ್ಥಿರ ಭಾಗ ಒಂದೇ ಆಗಿದ್ದಾಗ ಮಾತ್ರ ಸಿಂಧು.

ವಿನ್ಯಾಸವು ಅನುಮತಿಸುವ ಎಲ್ಲ ಯಾದೃಚ್ಛಿಕ ಪರಿಣಾಮಗಳನ್ನೂ ಸೇರಿಸಬೇಕೆಂದು ಬಾರ್ ಮತ್ತು ಸಂಗಡಿಗರು 2013ರಲ್ಲಿ ವಾದಿಸಿದರು. ದತ್ತಾಂಶವು ತಾಳಲಾರದಷ್ಟು ಸಂಕೀರ್ಣ ಮಾದರಿಯಲ್ಲಿ ಕೆಲವು ವಿಚರಣೆಗಳು ಸೊನ್ನೆಗೆ ಇಳಿಯುತ್ತವೆ ಎಂದು ಬೇಟ್ಸ್ ಮತ್ತು ಸಂಗಡಿಗರು 2015ರಲ್ಲಿ ತೋರಿಸಿ, ಮಿತವಾದ ಮಾದರಿಯನ್ನು ಸೂಚಿಸಿದರು. ಅಂತಹ ಸೊನ್ನೆಯು ಊರುಗಳ ನಡುವೆ ವ್ಯತ್ಯಾಸವೇ ಇಲ್ಲ ಎಂಬುದಕ್ಕೆ ಪುರಾವೆಯಲ್ಲ. ವ್ಯತ್ಯಾಸವನ್ನು ಅಳೆಯಲು ಊರುಗಳು ಸಾಲದಿರುವುದರ ಸೂಚನೆಯೂ ಆಗಿರಬಹುದು.

ಇವನ್ನೂ ನೋಡಿ

ವಿಚರಣೆಯ ವಿಶ್ಲೇಷಣೆ
ಸಿ. ಆರ್. ರಾವ್
ಗೇರು
ಪುತ್ತೂರು