ಪೊನ್ನಂಪೇಟೆಯ ಸೀಮೆಯ ಕಿರುನಳಿಗೆ ಗುರಿಕೋವಿಗಳ ಕಾಲನಿರ್ಣಯ

ಕೊಡಗಿನ ದಕ್ಷಿಣಭಾಗದಲ್ಲಿ, ಹಿಂದೆ ಕಿಗ್ಗಟ್ಟುನಾಡೆಂದು ಹೆಸರಾದ ಸೀಮೆಯಲ್ಲಿರುವ ಪೊನ್ನಂಪೇಟೆಯ ಸುತ್ತಣ ಐನ್‌ಮನೆಗಳಲ್ಲಿ ಕೈಲ್‌ಪೊಳ್ದ್ ಹಬ್ಬದ ದಿನ ಕೋವಿಗಳನ್ನು ಒರೆಸಿ, ತೋಕ್‌ಪೂವಿನಿಂದ ಸಿಂಗರಿಸಿ, ಒಡಿಕತ್ತಿ ಪೀಚೆಕತ್ತಿಗಳೊಡನೆ ಇಟ್ಟು ಪೂಜಿಸುವುದು ವಾಡಿಕೆ. ನಾಟಿಯ ಕೆಲಸ ತೀರಿದ ಮೇಲೆ, ಸೆಪ್ಟೆಂಬರ್ ತಿಂಗಳ ಆದಿಯಲ್ಲಿ ಬರುವ ಹಬ್ಬವಿದು. ಪೂಜೆಯ ತರುವಾಯ ತೆಂಗಿನಕಾಯಿಗೆ ಗುಂಡು ಹೊಡೆಯುವ ಪಂದ್ಯವು ನಡೆಯುತ್ತದೆ. ಆ ಪಂದ್ಯಗಳಿಗೆ ಬರುವ ಕೋವಿಗಳಲ್ಲಿ 12ನೇ ಬೋರಿನ ಒಂಟಿನಳಿಗೆ ಜೋಡುನಳಿಗೆಗಳೂ ಏರ್‌ಗನ್ನುಗಳೂ ಇರುವಂತೆ, ಒಂದು ಅಂಗುಲದ ನೂರರಲ್ಲಿ ಇಪ್ಪತ್ತೆರಡು ಭಾಗದಷ್ಟೇ ನಳಿಗೆಯ ಬಾಯುಳ್ಳ, ಎಂದರೆ .22 ಎಂಬ ಅಳತೆಯ ರೈಫಲುಗಳೂ ಇರುತ್ತವೆ. ಪ್ರಕೃತ ವಿಚಾರವು ಈ ಕೊನೆಯ ವರ್ಗದ ಹಳೆಯ ಕೋವಿಗಳನ್ನು ಕುರಿತದ್ದು.

ಹಿಡಿಯ ಕೆಳಗಿನ ಸನ್ನೆಯನ್ನು ಇಳಿಸಿದರೆ ಬಾಯಿ ತೆರೆಯುವ ಮಾದರಿಯ ಕೋವಿಗೆ ‘ಮಾರ್ಟಿನಿ’ ಎಂಬ ಹೆಸರು ರೂಢಿಯಾಗಿದೆ. ಹೆಸರು ತಪ್ಪಲ್ಲ. ಆದರೆ ಹೆಸರಿನೊಡನೆ ಒಂದು ಐತಿಹ್ಯವೂ ಅಂಟಿಕೊಳ್ಳುವುದು ಸುಲಭ: ಇದು ವಿಕ್ಟೋರಿಯಾ ರಾಣಿಯ ಕಾಲದ ಯುದ್ಧದ ಕೋವಿ, ಕೊಡವರಿಗೆ ಆಯುಧದ ಹಕ್ಕು ದೊರೆತ ಕಾಲದಲ್ಲಿ ಮನೆಗೆ ಬಂದದ್ದು, ಎಂದು. ಈ ಮಾತನ್ನು ಲೋಹದ ಮೇಲಿನ ಗುರುತುಗಳು ಎಷ್ಟರಮಟ್ಟಿಗೆ ಒಪ್ಪುತ್ತವೆಂಬುದನ್ನು ಪರಿಶೀಲಿಸುವುದು ಅವಶ್ಯ.

ಹಕ್ಕಿನ ಇತಿಹಾಸದಲ್ಲಿ ಸಂದೇಹಕ್ಕೆ ಎಡೆಯಿಲ್ಲ. 1834ರಲ್ಲಿ ಕೊಡಗು ಕಂಪೆನಿಯ ಆಳ್ವಿಕೆಗೆ ಸೇರಿತು. 1857ರ ದಂಗೆಯ ಬಳಿಕ ದೇಶದಲ್ಲಿ ಜನರ ಆಯುಧಗಳನ್ನು ಕಸಿದುಕೊಳ್ಳುವ ಶಾಸನಗಳು ಹುಟ್ಟಿದಾಗ, ಮುಖ್ಯ ಕಮಿಷನರಾಗಿದ್ದ ಮಾರ್ಕ್ ಕಬ್ಬನ್ನನು 1861ರಲ್ಲಿ ಕೊಡವ ಜನಾಂಗವನ್ನು ಅವುಗಳಿಂದ ಬಿಡುಗಡೆ ಮಾಡಿದನು. 1878ರ ಆಯುಧ ಶಾಸನದ ಕಾಲದಲ್ಲಿಯೂ, ಸ್ವಾತಂತ್ರ್ಯಾನಂತರದ 1959ರ ಶಾಸನದಲ್ಲಿಯೂ ಈ ವಿನಾಯಿತಿಯು ಮುಂದುವರಿಯಿತು. ಜಮ್ಮಾ ಹಿಡುವಳಿದಾರರಿಗೂ ಅದು ಸಲ್ಲುತ್ತದೆ. ಕೇಂದ್ರ ಸರ್ಕಾರವು 2019ರಲ್ಲಿ ಅದನ್ನು 2029ರ ಅಕ್ಟೋಬರ್ 31ರ ವರೆಗೆ ವಿಸ್ತರಿಸಿತು. ಅದನ್ನು ಪ್ರಶ್ನಿಸಿದ ಅರ್ಜಿಯನ್ನು 2021ರಲ್ಲಿ ಕರ್ನಾಟಕದ ಉಚ್ಚ ನ್ಯಾಯಾಲಯವು ತಳ್ಳಿಹಾಕಿತು. ಇಲ್ಲಿ ಗಮನಿಸತಕ್ಕದ್ದೇನೆಂದರೆ, ಈ ಹಕ್ಕು ಮನುಷ್ಯರಿಗೆ ಸಂದದ್ದೇ ಹೊರತು ಇಂತಹ ಕೋವಿಗೆಂದು ಸಂದದ್ದಲ್ಲ. ಹಕ್ಕಿನ ವಯಸ್ಸನ್ನು ಕೋವಿಯ ಮೇಲೆ ಆರೋಪಿಸಿದರೆ ಮನೆತನದ ಇತಿಹಾಸದಲ್ಲಿ ಐವತ್ತು ಅರವತ್ತು ವರ್ಷಗಳ ಪ್ರಮಾದವು ಸುಲಭವಾಗಿ ನುಸುಳುತ್ತದೆ.

ಆ ಪ್ರಮಾದವನ್ನು ತೋಟಾವೊಂದೇ ಬಯಲಿಗೆಳೆಯಬಲ್ಲುದು. ಅಂಚಿಗೆ ಏಟು ಬಿದ್ದು ಸಿಡಿಯುವ .22 ತೋಟಾಗಳಲ್ಲಿ ಮೊದಲನೆಯದಾದ ‘ಶಾರ್ಟ್’ ಎಂಬುದನ್ನು ಅಮೆರಿಕದ ಸ್ಮಿತ್ ಅಂಡ್ ವೆಸ್ಸನ್ ಸಂಸ್ಥೆಯು 1857ರಲ್ಲಿ ಒಂದು ಚಿಕ್ಕ ರಿವಾಲ್ವರಿಗಾಗಿ ಹೊರತಂದಿತು. ಇಂದು ಎಲ್ಲೆಡೆ ಬಳಕೆಯಲ್ಲಿರುವ ‘ಲಾಂಗ್ ರೈಫಲ್’ ಎಂಬ ತೋಟಾ ಹುಟ್ಟಿದ್ದು 1887ರಲ್ಲಿ. ಆ ತೋಟಾಕ್ಕೆಂದೇ ಕೊರೆದ ಮನೆಯುಳ್ಳ ನಳಿಗೆಯು ಕಬ್ಬನ್ನನ ಘೋಷಣೆಗೆ ಸಾಕ್ಷಿಯಾಗಿದ್ದಿರಲಾರದು.

ಗುರಿಪಂದ್ಯದ .22 ರೈಫಲುಗಳು ಹೆಚ್ಚಾಗಿ ಹುಟ್ಟಿದ್ದಾದರೂ ಇನ್ನೂ ಈಚೆಗೆ. 1899ರಿಂದ 1902ರ ವರೆಗೆ ದಕ್ಷಿಣ ಆಫ್ರಿಕದಲ್ಲಿ ನಡೆದ ಬೋವರ್ ಯುದ್ಧದಲ್ಲಿ, ಬೇಟೆಯಲ್ಲಿ ಪಳಗಿದ ರೈತರ ಗುರಿಯ ಮುಂದೆ ಬ್ರಿಟಿಷ್ ಸೈನಿಕರ ಗುರಿಯು ಸಪ್ಪೆಯೆನಿಸಿತು. ಈ ಪೆಟ್ಟಿನಿಂದ ಎಚ್ಚೆತ್ತು, ಸಾಮಾನ್ಯ ಕೆಲಸಗಾರನೂ ತನ್ನ ಊರಿನಲ್ಲಿಯೇ ಅಲ್ಪವೆಚ್ಚದಲ್ಲಿ ಗುರಿಯನ್ನು ಕಲಿಯಬೇಕೆಂದು 1901ರಲ್ಲಿ ಇಂಗ್ಲೆಂಡಿನಲ್ಲಿ ಶ್ರಮಜೀವಿಗಳ ರೈಫಲ್ ಕೂಟಗಳ ಸಂಘವು ಏರ್ಪಟ್ಟಿತು. ಸೇನಾಪತಿ ಲಾರ್ಡ್ ರಾಬರ್ಟ್ಸನ ಬೆಂಬಲದಿಂದ ಬೆಳೆದ ಈ ಚಳವಳಿಗೆ ಅಗ್ಗದ ಮದ್ದು, ಅಲ್ಪ ಸದ್ದು, ಇಪ್ಪತ್ತೈದು ಗಜದ ಅಂಗಳ, ಇಷ್ಟರಲ್ಲಿ ಕೆಲಸ ಸಾಗಿಸುವ ಕೋವಿ ಬೇಕಾಯಿತು. 1908ರ ಲಂಡನ್ ಒಲಿಂಪಿಕ್ ಪಂದ್ಯಗಳ ಹೊತ್ತಿಗೆ ಕಿರುನಳಿಗೆಯ ರೈಫಲಿಗೆ ಪ್ರತ್ಯೇಕ ಸ್ಪರ್ಧೆಗಳೇ ಇದ್ದವು. ಕೊಡವರ ಮನೆಯ ಗೋಡೆಯಲ್ಲಿ ತೂಗುವ ಚಿಕ್ಕ ಮಾರ್ಟಿನಿಯ ವಂಶಾವಳಿಯು ಅರಸರ ಕಾಳಗಗಳಿಗಿಂತ ಬರ್ಮಿಂಗ್‌ಹ್ಯಾಮಿನ ಕಾರ್ಖಾನೆಗಳಿಗೂ ಇಂಗ್ಲೆಂಡಿನ ಕೂಲಿಕಾರರ ಸಂಜೆಯ ಕೂಟಗಳಿಗೂ ಹತ್ತಿರವಾದದ್ದು. ಇದರಿಂದ ಮನೆತನದ ಗೌರವಕ್ಕೆ ಕುಂದೇನೂ ಇಲ್ಲ.

ಇವು ಕೊಡಗಿಗೆ ಬಂದ ದಾರಿಗಳನ್ನು ಊಹಿಸುವುದು ಕಷ್ಟವಲ್ಲ. ಕಾಫಿತೋಟದ ದೊರೆಗಳು, ಅವರು ಸೇರಿದ್ದ ಕೂರ್ಗ್ ಅಂಡ್ ಮೈಸೂರ್ ರೈಫಲ್ಸ್ ಎಂಬ ಸ್ವಯಂಸೇವಕ ದಳ, ಸೈನ್ಯದಿಂದ ರಜೆಯಲ್ಲಿ ಮರಳುತ್ತಿದ್ದ ಅಧಿಕಾರಿಗಳು, ಮದರಾಸು ಕಲ್ಕತ್ತೆಗಳ ಕೋವಿ ಅಂಗಡಿಗಳು, ಇವೆಲ್ಲವೂ ಸಂಭವನೀಯ ಮಾರ್ಗಗಳೇ. ಒಂದೊಂದು ಕೋವಿಯ ಮಾರ್ಗವನ್ನು ಮಾತ್ರ ಆ ಕೋವಿಯನ್ನೇ ಕೇಳಬೇಕು.

ಕೇಳುವ ಕ್ರಮವು ಶಾಸನಾಭ್ಯಾಸಿಗಳಿಗೆ ಅಪರಿಚಿತವಲ್ಲ. ಬಿ. ಎಲ್. ರೈಸರು 1886ರಲ್ಲಿ ಕೊಡಗಿನ ಶಾಸನಗಳನ್ನು ‘ಎಪಿಗ್ರಾಫಿಯ ಕರ್ಣಾಟಿಕ’ದ ಪ್ರಥಮ ಸಂಪುಟವಾಗಿ ಪ್ರಕಟಿಸಿದರು. ಅಂದಿನಿಂದ ಕಾಲನಿರ್ದೇಶವಿಲ್ಲದ ಶಾಸನವನ್ನು ಲಿಪಿಯ ಬೆಡಗಿನಿಂದಲೂ, ಕಾಲನಿರ್ದೇಶವಿರುವುದನ್ನು ಅದರ ಒಳಸಾಕ್ಷ್ಯದಿಂದಲೂ ಒರೆಗೆ ಹಚ್ಚುವ ಪದ್ಧತಿಯು ನಡೆದುಬಂದಿದೆ. ಕೋವಿಯೂ ಒಂದು ಲೋಹಶಾಸನ. ಅದರಲ್ಲಿ ಮೂಲದ ಬರೆಹವುಂಟು, ತರುವಾಯ ಸೇರಿಸಿದ್ದುಂಟು, ಕೂಟಶಾಸನದಂತೆ ಮೋಸಗೊಳಿಸುವುದೂ ಅಪರೂಪವಾಗಿ ಉಂಟು. (ಪರೀಕ್ಷೆಗೆ ಮೊದಲು ಬಾಯಿ ತೆರೆದು ತೋಟಾ ಇಲ್ಲವೆಂಬುದನ್ನು ಕಣ್ಣಾರೆ ನೋಡಿಕೊಳ್ಳಬೇಕೆಂಬುದು ಮಾತ್ರ ಶಾಸನಾಭ್ಯಾಸಿಗೆ ಬೇಡದ ನಿಯಮ.)

ಮೊದಲು ಮಾರ್ಟಿನಿಯ ವಿಷಯ. ಸ್ವಿಟ್ಜರ್ಲೆಂಡಿನಲ್ಲಿ ನೆಲಸಿದ್ದ ಫ್ರೀಡ್ರಿಕ್ ಫಾನ್ ಮಾರ್ಟಿನಿ ಎಂಬ ಯಂತ್ರಜ್ಞನ ಬಾಯಿಕಟ್ಟನ್ನೂ ಎಡಿನ್‌ಬರೋದ ಅಲೆಕ್ಸಾಂಡರ್ ಹೆನ್ರಿಯ ನಳಿಗೆಯನ್ನೂ ಕೂಡಿಸಿ ಮಾಡಿದ ಮಾರ್ಟಿನಿ-ಹೆನ್ರಿ ರೈಫಲನ್ನು ಬ್ರಿಟಿಷ್ ಸೈನ್ಯವು 1871ರಲ್ಲಿ ಸ್ವೀಕರಿಸಿತು. ಅದರ ಗುಂಡು ಸುಮಾರು .45 ಅಂಗುಲ ದಪ್ಪ. ಹೊಸ ರೈಫಲುಗಳು ಬಂದ ಮೇಲೆ ನಿರುಪಯುಕ್ತವಾದ ಈ ದೊಡ್ಡ ಕೋವಿಗಳಲ್ಲಿ ಕೆಲವನ್ನು ವ್ಯಾಪಾರಸ್ಥರು .22ಕ್ಕೆ ಮಾರ್ಪಡಿಸಿದರು. ಆದಕಾರಣ ಕೈಯಲ್ಲಿರುವುದು ಹುಟ್ಟಿನಿಂದಲೇ ಕಿರುನಳಿಗೆಯದೋ, ಮಾರ್ಪಟ್ಟ ಸೈನಿಕ ಕೋವಿಯೋ ಎಂಬುದು ಪ್ರಥಮ ಪ್ರಶ್ನೆ.

ಮಾರ್ಪಟ್ಟದ್ದು ತನ್ನ ಪೂರ್ವಾಶ್ರಮವನ್ನು ಮರೆಮಾಚಲಾರದು. ಯಂತ್ರದ ಪೆಟ್ಟಿಗೆಯು ನಳಿಗೆಯ ಬಾಯಿಗೆ ಹೋಲಿಸಿದರೆ ಅತಿ ದೊಡ್ಡದಾಗಿರುತ್ತದೆ. ಅದರ ಬಲಮಗ್ಗುಲಲ್ಲಿ ಕಿರೀಟ, ರಾಣಿಯ ಹೆಸರನ್ನು ಸೂಚಿಸುವ ‘ವಿ. ಆರ್.’ ಅಕ್ಷರಗಳು, ಕಾರ್ಖಾನೆಯ ಹೆಸರು, ವರ್ಷ, ಇವು ಸವೆಯದೆ ಉಳಿದಿರಬಹುದು. ಬಾಯಿ ಮುಚ್ಚುವ ಉಕ್ಕಿನ ದಿಮ್ಮಿಯ ಮುಖವನ್ನು ನೋಡಿದರೆ, ತೋಟಾದ ನಡುವಿಗೆ ಹೊಡೆಯುತ್ತಿದ್ದ ಹಳೆಯ ಸೂಜಿಯ ರಂಧ್ರವನ್ನು ಮುಚ್ಚಿ, ಅಂಚಿಗೆ ಹೊಡೆಯುವಂತೆ ಹೊಸ ರಂಧ್ರವನ್ನು ಕೊರೆದ ಗುರುತು ಕಾಣಬಹುದು. ಹಳೆಯ ನಳಿಗೆಯೊಳಗೆ ಹೊಸ ಕೊಳವೆಯನ್ನು ತೂರಿಸಿದ್ದರೆ, ನಳಿಗೆಯ ತುದಿಯಲ್ಲಿ ತೆಳ್ಳನೆಯ ಉಂಗುರದಂತಹ ಗೆರೆಯು ಬೆಳಕಿಗೆ ಹಿಡಿದಾಗ ತೋರುತ್ತದೆ. ಒಳಗಿನ ತಿರುಪುಗೀರೂ ಸಾಕ್ಷಿ ಹೇಳುತ್ತದೆ. ಕಡ್ಡಿಗೆ ಬಿಗಿಯಾದ ಬಟ್ಟೆ ಸುತ್ತಿ ನಳಿಗೆಯೊಳಗೆ ನೂಕಿದರೆ ಅದು ಗೀರನ್ನು ಅನುಸರಿಸಿ ತಿರುಗುತ್ತದೆ. ಒಂದು ಸುತ್ತು ತೀರಲು ಎಷ್ಟು ಅಂಗುಲ ಸಾಗಿತೆಂಬುದನ್ನು ಅಳೆಯಬಹುದು. ಹೆನ್ರಿಯ ನಳಿಗೆಯಲ್ಲಿ ಏಳು ಗೀರುಗಳು, 22 ಅಂಗುಲಕ್ಕೆ ಒಂದು ಸುತ್ತು. .22 ಲಾಂಗ್ ರೈಫಲಿನ ನಳಿಗೆಯಲ್ಲಿ ಸಾಮಾನ್ಯವಾಗಿ 16 ಅಂಗುಲಕ್ಕೆ ಒಂದು ಸುತ್ತು.

ಹುಟ್ಟಿನಿಂದಲೇ ಕಿರುನಳಿಗೆಯದಾದ ಮಾರ್ಟಿನಿಗಳಲ್ಲಿ ಪ್ರಸಿದ್ಧವಾದವು ಬರ್ಮಿಂಗ್‌ಹ್ಯಾಂ ಸ್ಮಾಲ್ ಆರ್ಮ್ಸ್ ಕಂಪೆನಿಯವು. 1861ರಲ್ಲಿ ಸ್ಥಾಪಿತವಾದ ಈ ‘ಬಿ. ಎಸ್. ಎ.’ ಕಂಪೆನಿಯ ಲಾಂಛನವು ಒಂದಕ್ಕೊಂದು ಒರಗಿಸಿ ನಿಲ್ಲಿಸಿದ ಮೂರು ರೈಫಲುಗಳು. ಪ್ರಥಮ ಮಹಾಯುದ್ಧಕ್ಕೆ ಮೊದಲೇ ಬಂದ ಇದರ 12ನೆಯ ಮಾದರಿಯೂ, ಅದರಿಂದ ಬೆಳೆದ ಮುಂದಿನ ಮಾದರಿಗಳೂ ಪಂದ್ಯಗಾರರ ನೆಚ್ಚಿನವಾಗಿದ್ದವು. ಇವುಗಳ ಪೆಟ್ಟಿಗೆ ಚಿಕ್ಕದು. ಕಡಾಣಿಯನ್ನು ತೆಗೆದರೆ ಯಂತ್ರಭಾಗವೆಲ್ಲ ಒಂದೇ ಕಟ್ಟಾಗಿ ಹೊರಬರುತ್ತದೆ. ಬೆಲ್ಜಿಯಮ್ ದೇಶದ ಲೀಜಿನ ಫ್ರಾಂಕೋಟ್ ಎಂಬ ಕೋವಿಗಾರನ ಉಪಾಯವಿದು, ದೊಡ್ಡ ಮಾರ್ಟಿನಿ-ಹೆನ್ರಿಯಲ್ಲಿ ಇಲ್ಲ. ಇದೇ ಚಿಕ್ಕ ಪೆಟ್ಟಿಗೆಯ ಮೇಲೆ ಕಾಂಗರೂವಿನ ಮುದ್ರೆ ಕಂಡರೆ ಬೆರಗಾಗಬೇಕಾದುದಿಲ್ಲ. 1910ರ ಸುಮಾರಿನಿಂದ ಆಸ್ಟ್ರೇಲಿಯದ ಶಾಲಾಬಾಲಕರ ಕವಾಯಿತಿಗಾಗಿ .310 ಅಂಗುಲದ ಮಾರ್ಟಿನಿಗಳನ್ನು ಇಂಗ್ಲೆಂಡಿನಲ್ಲಿ ಮಾಡಿಸಲಾಯಿತು. ಅವುಗಳಲ್ಲಿ ಅನೇಕವು ಮುಂದೆ ಮಾರಾಟವಾಗಿ.22ಕ್ಕೆ ತಿರುಗಿದವು. ಅಂತಹ ಕೋವಿಯು ಕೊಡಗಿನಲ್ಲಿ ದೊರೆತರೆ ಅದು ಎರಡು ಸಮುದ್ರಗಳನ್ನು ದಾಟಿ, ಕನಿಷ್ಠ ಎರಡು ಜನ್ಮಗಳನ್ನು ಕಳೆದು ಬಂದದ್ದೆಂದು ತಿಳಿಯಬೇಕು.

ಕಾಲನಿರ್ಣಯದಲ್ಲಿ ಎಲ್ಲಕ್ಕಿಂತ ನಂಬತಕ್ಕವು ಪರೀಕ್ಷಾಮುದ್ರೆಗಳು. ಇಂಗ್ಲೆಂಡಿನಲ್ಲಿ ಮಾರುವ ಪ್ರತಿಯೊಂದು ನಳಿಗೆಯನ್ನೂ ಲಂಡನ್ನಿನ ಅಥವಾ 1813ರಲ್ಲಿ ಸ್ಥಾಪಿತವಾದ ಬರ್ಮಿಂಗ್‌ಹ್ಯಾಮಿನ ಪರೀಕ್ಷಾಲಯದಲ್ಲಿ ಹೆಚ್ಚು ಮದ್ದಿನಿಂದ ಹೊಡೆದು ನೋಡಿ ಮುದ್ರೆಯೊತ್ತಬೇಕೆಂಬುದು ಅಲ್ಲಿಯ ಶಾಸನ. 1904ಕ್ಕಿಂತ ಹಿಂದಿನ ಬರ್ಮಿಂಗ್‌ಹ್ಯಾಂ ಮುದ್ರೆಯಲ್ಲಿ ಕಿರೀಟದ ಕೆಳಗೆ ಅಡ್ಡಹಾಯ್ದ ಎರಡು ರಾಜದಂಡಗಳಿರುತ್ತವೆ. 1904ರಿಂದ ಕಿರೀಟದ ಕೆಳಗೆ ‘ಬಿ. ಪಿ.’, ‘ಬಿ. ವಿ.’, ಹೊಗೆಯಿಲ್ಲದ ಮದ್ದಿಗೆ ‘ಎನ್. ಪಿ.’ ಎಂಬ ಅಕ್ಷರಗಳು ಬಂದವು. 1954ರ ನಿಯಮಗಳಿಂದ ಇವೆಲ್ಲವೂ ಹೋಗಿ ‘ಬಿ. ಎನ್. ಪಿ.’ ಎಂಬ ಒಂದೇ ಮುದ್ರೆಯಾಯಿತು. ಇಷ್ಟನ್ನು ನೆನಪಿಟ್ಟುಕೊಂಡರೆ ಬರಿಯ ಭೂತಗಾಜಿನಿಂದ ನಳಿಗೆಯನ್ನು ಮೂರು ಯುಗಗಳಲ್ಲಿ ಒಂದಕ್ಕೆ ಸೇರಿಸಬಹುದು. 1921ರಿಂದ ಬರ್ಮಿಂಗ್‌ಹ್ಯಾಮಿನಲ್ಲಿ ವರ್ಷಸೂಚಕವಾದ ಒಂದು ಅಕ್ಷರವನ್ನೂ ಒತ್ತುವ ಪದ್ಧತಿ ಬಂದಿತು. ಅದು ಸಿಕ್ಕರೆ ಇನ್ನೂ ಲೇಸು. ಈ ಮುದ್ರೆಯು ನಳಿಗೆಯ ವಯಸ್ಸನ್ನು ಹೇಳುವುದೇ ಹೊರತು ಪೆಟ್ಟಿಗೆಯದನ್ನಲ್ಲ ಎಂಬುದನ್ನು ಮರೆಯಬಾರದು. ಹಳೆಯ ಪೆಟ್ಟಿಗೆಗೆ ಹೊಸ ನಳಿಗೆ, ಹಳೆಯ ಮರಕ್ಕೆ ಹೊಸ ಪೆಟ್ಟಿಗೆ, ಇಂತಹ ಕೂಡಿಕೆಗಳು ಉಂಟು.

ಹೆಸರುಗಳ ವಿಷಯದಲ್ಲಿ ಆಗುವ ಮೋಸವು ಬೇರೊಂದು ಬಗೆಯದು. ನಳಿಗೆಯ ಮೇಲೆ ಮದರಾಸಿನ ಪಿ. ಆರ್ ಅಂಡ್ ಸನ್ಸ್ ಎಂದೋ ಕಲ್ಕತ್ತೆಯ ಮ್ಯಾಂಟನ್ ಎಂದೋ ರೋಡ್ಡಾ ಎಂದೋ ಕೆತ್ತಿದ್ದರೆ, ಅದು ಮಾರಿದವರ ಹೆಸರೆಂದೇ ಮೊದಲು ಭಾವಿಸತಕ್ಕದ್ದು. (1914ರ ಆಗಸ್ಟ್ ತಿಂಗಳಿನಲ್ಲಿ ಬಂಗಾಳದ ಕ್ರಾಂತಿಕಾರರು ಐವತ್ತು ಮೌಸರ್ ಪಿಸ್ತೂಲುಗಳನ್ನು ಹಾರಿಸಿಕೊಂಡು ಹೋದದ್ದು ಈ ರೋಡ್ಡಾ ಕಂಪೆನಿಯ ಸರಕಿನಿಂದಲೇ.) ಅಂಕೆಗಳೂ ಹಾಗೆಯೇ. ಕೋವಿಯ ಕ್ರಮಸಂಖ್ಯೆ, ಪೇಟೆಂಟಿನ ಸಂಖ್ಯೆ, ನಮೂನೆಯ ನೋಂದಣಿಸಂಖ್ಯೆ, ಇವು ಒಂದೇ ಲೋಹದ ಮೇಲೆ ಅಕ್ಕಪಕ್ಕದಲ್ಲಿರುವುದುಂಟು. ಪೇಟೆಂಟಿನ ಸಂಖ್ಯೆಯನ್ನು ಕ್ರಮಸಂಖ್ಯೆಯೆಂದು ಬರೆದುಕೊಂಡರೆ, ಅದೇ ಮಾದರಿಯ ಸಾವಿರ ಕೋವಿಗಳಿಗೆ ಒಂದೇ ಸಂಖ್ಯೆ ಬಂದಂತಾಯಿತು; ವಿನಾಯಿತಿ ಪತ್ರದಲ್ಲಿ ಅಂತಹ ಬರೆಹವು ಸೇರಿದರೆ ಕೋವಿಗೂ ಕಾಗದಕ್ಕೂ ಸಂಬಂಧವೇ ಇಲ್ಲದಂತಾಗುತ್ತದೆ.

ಚಿಲಕದ ರೈಫಲುಗಳಲ್ಲಿ ಸೈನ್ಯದ ತರಬೇತಿಯವನ್ನು ಬೇರೆಯಾಗಿ ಎಣಿಸಬೇಕು. ಲೀ-ಎನ್‌ಫೀಲ್ಡ್ ಯುದ್ಧದ ರೈಫಲಿನ ಆಕಾರವನ್ನೂ ತೂಕವನ್ನೂ ಉಳಿಸಿ, ನಳಿಗೆಯನ್ನು ಮಾತ್ರ .22ಕ್ಕೆ ಇಳಿಸಿ, ಒಂದೊಂದೇ ತೋಟಾ ಹಾಕಿ ಹೊಡೆಯುವಂತೆ ಮಾಡಿದವು ಇವು. 1948ರಲ್ಲಿ ಸ್ಥಾಪಿತವಾದ ಎನ್. ಸಿ. ಸಿ.ಯ ವಿದ್ಯಾರ್ಥಿಗಳು ಇಂತಹವುಗಳಿಂದಲೇ ಗುರಿ ಕಲಿತರು. ಇಂಗ್ಲೆಂಡಿನಲ್ಲಿ ಮಾಡಿದ್ದರಲ್ಲಿ ಕಿರೀಟದ ಕೆಳಗೆ ‘ಜಿ. ಆರ್.’ ಎಂದಿರುತ್ತದೆ, ಬಂಗಾಳದ ಇಛಾಪುರದ ಕಾರ್ಖಾನೆಯದಾದರೆ ಚಕ್ರವರ್ತಿಪದವನ್ನು ಸೂಚಿಸುವ ಇನ್ನೊಂದಕ್ಷರ ಕೂಡಿ ‘ಜಿ. ಆರ್. ಐ.’ ಎಂದಾಗುತ್ತದೆ. ಸರ್ಕಾರದ ಸೊತ್ತಿಗೆ ಅಗಲವಾದ ಬಾಣದ ಗುರುತುಂಟು. ಸೊತ್ತನ್ನು ಕ್ರಮವಾಗಿ ಮಾರಿದಾಗ ಎರಡು ಬಾಣಗಳನ್ನು ತುದಿಗೆ ತುದಿ ತಾಗುವಂತೆ ಒತ್ತುತ್ತಿದ್ದರು. ಒಂದೇ ಬಾಣವುಳ್ಳ ಕೋವಿಯು ಮನೆಯಲ್ಲಿದ್ದರೆ ಅದು ಕದ್ದದ್ದೆಂದು ತೀರ್ಮಾನಿಸುವುದು ಅವಸರವಾದೀತು. ಆದರೆ ಅದು ಉಗ್ರಾಣದಿಂದ ಹೊರಬಿದ್ದ ಬಗೆಗೆ ಕಾಗದವನ್ನು ಹುಡುಕುವುದು ಮನೆಯವರಿಗೇ ಒಳ್ಳೆಯದು. 1919ರಲ್ಲಿ ಕಾಣಿಸಿಕೊಂಡ ಅಮೆರಿಕದ ವಿಂಚೆಸ್ಟರ್ 52ನೆಯ ಮಾದರಿಯಂತಹವುಗಳಲ್ಲಿ ಹೆಸರೂ ಮಾದರಿಯೂ ನಳಿಗೆಯ ಮೇಲೆಯೇ ಇರುವುದರಿಂದ ವಿಚಾರಕ್ಕೆ ಹೆಚ್ಚು ಆಸ್ಪದವಿಲ್ಲ.

ಈ ಎಲ್ಲ ಸಾಕ್ಷ್ಯಗಳಿಗೂ ದೊಡ್ಡ ಶತ್ರುವೆಂದರೆ ಭಕ್ತಿಯಿಂದ ಮಾಡುವ ಶುಚಿ. ತುಕ್ಕು ಹೋಗಲೆಂದು ಉಪ್ಪುಕಾಗದದಿಂದ ಉಜ್ಜಿದರೆ ಮೊದಲು ಅಳಿಯುವುವು ಆಳವಿಲ್ಲದ ಪರೀಕ್ಷಾಮುದ್ರೆಗಳು, ಅನಂತರ ಕ್ರಮಸಂಖ್ಯೆ. ಕಾಲದ ಗುರುತು ಅಳಿದರೆ ಇತಿಹಾಸಕ್ಕೆ ನಷ್ಟ. ಸಂಖ್ಯೆ ಅಳಿದರೆ ನಷ್ಟವು ಅಲ್ಲಿಗೇ ನಿಲ್ಲದು: ಗುರುತಿನ ಅಂಕೆಗಳಿಲ್ಲದ ಕೋವಿಯನ್ನು ಮಾರುವುದನ್ನು 1959ರ ಶಾಸನದ 8ನೆಯ ವಿಧಿಯು ನಿಷೇಧಿಸುತ್ತದೆ. ಎಣ್ಣೆಯೂ ಮೆತ್ತನೆಯ ಬಟ್ಟೆಯೂ ಈ ಕೆಲಸಕ್ಕೆ ಸಾಕು. ಶಾಸನದ ಕಲ್ಲಿಗೆ ಕಾಗದವನ್ನೊತ್ತಿ ಅಚ್ಚುಪಡಿ ತೆಗೆಯುವಂತೆ, ಮುದ್ರೆಗಳ ಮೇಲೆ ತೆಳ್ಳನೆಯ ಕಾಗದವನ್ನಿಟ್ಟು ಸೀಸದ ಕಡ್ಡಿಯನ್ನು ಮೆಲ್ಲಗೆ ಆಡಿಸಿದರೆ ಕಣ್ಣಿಗೆ ಕಾಣದ ಗೆರೆಗಳೂ ಮೂಡುವುದುಂಟು. ಕೈಲ್‌ಪೊಳ್ದಿಗೆ ಕೋವಿಯನ್ನು ಗೋಡೆಯಿಂದ ಇಳಿಸಿದಾಗ, ಒರೆಸುವುದಕ್ಕೆ ಮೊದಲೇ, ಇಂತಹ ಪಡಿಯೊಂದನ್ನು ತೆಗೆದು ನಳಿಗೆಯ ಉದ್ದ, ಗೀರುಗಳ ಸಂಖ್ಯೆ, ಒಂದು ಸುತ್ತಿನ ಅಂಗುಲಗಳು, ಇವಿಷ್ಟನ್ನು ಅದರ ಅಂಚಿನಲ್ಲಿ ಬರೆದು ವಿನಾಯಿತಿ ಪತ್ರದೊಡನೆ ಇಟ್ಟುಕೊಳ್ಳುವುದಕ್ಕೆ ಕಾಲು ಗಂಟೆಗಿಂತ ಹೆಚ್ಚು ಹಿಡಿಯದು.