ರವದಿ ಗುಡಿಸಲ ಒಳಗುದಿ

ದೀಪಾವಳಿ ಮುಗಿಯುವ ಹೊತ್ತಿಗೆ ಕರ್ನಾಟಕದ ಗಡಿಯೂರು ಕೊಗನೊಳ್ಳಿಯ ಹೆದ್ದಾರಿಯಲ್ಲಿ ಟ್ರ್ಯಾಕ್ಟರ್‌ಗಳು ಕಾಣತೊಡಗುತ್ತವೆ. ಟ್ರೇಲಿಯಲ್ಲಿ ಕೌದಿಯ ಗಂಟು, ಜೋಳದ ಚೀಲ, ನೀರಿನ ಕೊಡ, ಇವುಗಳ ನಡುವೆ ಮಕ್ಕಳು. ಮಹಾರಾಷ್ಟ್ರದ ಬೀಡ ಕಡೆಯವರು ಇತ್ತ ಬರುತ್ತಾರೆ. ವಿಜಯಪುರದ ತಾಂಡಾಗಳ ಲಂಬಾಣಿಗರು ಗಡಿ ದಾಟಿ ಮಹಾರಾಷ್ಟ್ರದ ಕಬ್ಬಿಗೆ ಹೋಗುತ್ತಾರೆ. ಎರಡೂ ಕಡೆಯವರ ಕೆಲಸ ಒಂದೇ, ಕಬ್ಬು ಕಡಿಯುವುದು.

ಈ ಗುಳೆಗೆ ಬಹಳ ವರ್ಷಗಳ ಹಿನ್ನೆಲೆಯಿದೆ. ಕಾಗವಾಡ ಸೀಮೆಯ ಉಗಾರದಲ್ಲಿ 1939ರಲ್ಲೇ ಸಕ್ಕರೆ ಕಂಪನಿ ಹುಟ್ಟಿತು. ಆಮೇಲೆ ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿಗಳಲ್ಲಿ ಕಬ್ಬು ಹಬ್ಬಿತು. 1972ರ ಬರ ಮರಾಠವಾಡದ ಒಕ್ಕಲು ಮನೆಗಳನ್ನು ಬರಿದು ಮಾಡಿತು. ಕಾರ್ಖಾನೆಗೆ ಕೈ ಬೇಕಿತ್ತು, ಬರದ ನಾಡಿಗೆ ಕೂಳು. ನಡುವೆ ನಿಂತವನು ಕೂಲಿಗಳನ್ನು ಒದಗಿಸುವ ಗುತ್ತಿಗೆದಾರ, ಮುಕಾದಮ. ಹಂಗಾಮಿಗೆ ಮೊದಲೇ ಅವನು ಕೊಡುವ ಮುಂಗಡಕ್ಕೆ ಉಚಲ ಎನ್ನುತ್ತಾರೆ. ಗಂಡ-ಹೆಂಡತಿ ಸೇರಿದರೆ ಒಂದು ‘ಕೊಯ್ತಾ’, ಅಂದರೆ ಕಬ್ಬು ಕಡಿಯುವ ಕತ್ತಿ. ಇಬ್ಬರು ಮನುಷ್ಯರಿಗೆ ಒಂದು ಆಯುಧದ ಹೆಸರು!

ನಸುಕಿನಲ್ಲೇ ಎದ್ದು, ರೊಟ್ಟಿ ಬಡಿದು, ಕೂಸನ್ನು ಬದುವಿನ ಮೇಲೆ ಮಲಗಿಸಿ ಹೆಂಗಸು ಗದ್ದೆಗೆ ಇಳಿಯುತ್ತಾಳೆ. ಕಬ್ಬಿನ ಗರಿ ಕೈ ಕೊಯ್ಯುತ್ತದೆ. ಮಧ್ಯರಾತ್ರಿ ಗಾಡಿ ಬಂದರೆ ಎದ್ದು ಹೊರೆ ಹೊರಬೇಕು. ರವದಿ, ಅಂದರೆ ಕಬ್ಬಿನ ಒಣಗರಿ, ಹೊದಿಸಿದ ಗುಡಿಸಲಿಗೆ ಬಾಗಿಲಿಲ್ಲ. ಏಪ್ರಿಲ್‌ ಹೊತ್ತಿಗೆ ಲೆಕ್ಕ ಮಾಡಿದರೆ ಉಚಲ ಇನ್ನೂ ತೀರಿರುವುದಿಲ್ಲ. ಬರುವ ವರ್ಷದ ದುಡಿಮೆಯೂ ಈಗಲೇ ಮಾರಿಹೋಯಿತು. ಬೀಡ ಜಿಲ್ಲೆಯ ಇಂಥ ಹೆಂಗಸರಲ್ಲಿ 13 ಸಾವಿರಕ್ಕೂ ಹೆಚ್ಚು ಜನ ಗರ್ಭಕೋಶ ತೆಗೆಸಿಕೊಂಡಿದ್ದನ್ನು ನೀಲಂ ಗೋರ್ಹೆ ಅಧ್ಯಕ್ಷತೆಯ ಸಮಿತಿ 2019ರಲ್ಲಿ ಬಯಲಿಗೆ ತಂದಿತು. ದೇಹದ ಗಾಯವನ್ನು ಹೀಗೆ ಎಣಿಸಬಹುದಾಯಿತು. ಮನಸ್ಸಿನದನ್ನು ಎಣಿಸಿದವರು ಯಾರು?

ಊರು ಬಿಟ್ಟವರ ಮನಸ್ಸು ಕದಡುತ್ತದೆ ಎಂಬುದು ಹೊಸ ಅರಿವೇನಲ್ಲ. ಅಮೆರಿಕದ ಮಿನ್ನೆಸೋಟಕ್ಕೆ ವಲಸೆ ಹೋದ ನಾರ್ವೆ ಜನರಲ್ಲಿ ಮನೋರೋಗ ಹೆಚ್ಚಿರುವುದನ್ನು ಓಡೆಗಾರ್ಡ್ ಎಂಬ ವೈದ್ಯ 1932ರಲ್ಲೇ ತೋರಿಸಿದ್ದ. ನಮ್ಮಲ್ಲಿ ರಾಷ್ಟ್ರೀಯ ಅಪರಾಧ ದಾಖಲೆ ಬ್ಯೂರೋದ ಪ್ರಕಾರ 2021ರಲ್ಲಿ ದೇಶದಲ್ಲಿ 1,64,033 ಜನ ಆತ್ಮಹತ್ಯೆಯಿಂದ ತೀರಿಕೊಂಡರು. ಅವರಲ್ಲಿ 42,004 ಮಂದಿ ದಿನಗೂಲಿಗಳು, ಅಂದರೆ ನಾಲ್ವರಲ್ಲಿ ಒಬ್ಬರು. ಆ ಪಟ್ಟಿಯಲ್ಲಿ ರೈತನಿಗೆ ಒಂದು ಸಾಲಿದೆ, ಕೃಷಿ ಕೂಲಿಗೆ ಒಂದು ಸಾಲಿದೆ. ಗುಳೆ ಹೋದವನಿಗೆ ಇಲ್ಲ. ಸಾಲ, ಒಂಟಿತನ, ಕುಡಿತ, ಕೇಳುವವರಿಲ್ಲದ ಪರಸ್ಥಳ ಒಂದರ ಮೇಲೊಂದು ಬಿದ್ದಾಗ ಏನಾಗುತ್ತದೆಂದು ತಿಳಿಯಬೇಕಾದರೆ ಮೊದಲು ಆ ಸಾಲು ಬೇಕು.

ಗಡಿ ಎಷ್ಟು ಭಾರ ಎಂಬುದು ಗೊತ್ತಾದದ್ದು 2020ರಲ್ಲಿ. ಲಾಕ್‌ಡೌನ್‌ನಿಂದ ಕಬ್ಬಿನ ಗ್ಯಾಂಗುಗಳು ಗದ್ದೆಯಲ್ಲೇ ಸಿಕ್ಕಿಬಿದ್ದವು. ಮಹಾರಾಷ್ಟ್ರ ಸರ್ಕಾರ ತನ್ನ ಕಾರ್ಖಾನೆಗಳಲ್ಲಿದ್ದ ಸುಮಾರು 1.31 ಲಕ್ಷ ಕಾರ್ಮಿಕರಿಗೆ ಏಪ್ರಿಲ್ 17ರಂದು ಊರಿಗೆ ಹೋಗಲು ಅನುಮತಿ ಕೊಟ್ಟಿತು. ರಾಜ್ಯದಿಂದ ರಾಜ್ಯಕ್ಕೆ ಹೋಗುವವರಿಗೆ ಕೇಂದ್ರದ ಆದೇಶ ಬಂದದ್ದು ಏಪ್ರಿಲ್ 29ಕ್ಕೆ. ಊರಿನಲ್ಲಿ ಮುದಿ ತಾಯಿಯನ್ನು ಬಿಟ್ಟು ಬಂದವಳಿಗೆ ಆ ಹನ್ನೆರಡು ದಿನ ಸಣ್ಣವಲ್ಲ.

1979ರ ಅಂತರರಾಜ್ಯ ವಲಸೆ ಕಾರ್ಮಿಕರ ಕಾಯ್ದೆ ಗುತ್ತಿಗೆದಾರನಿಗೆ ಪರವಾನಗಿ ಇರಬೇಕು, ಕಾರ್ಮಿಕರಿಗೆ ಉಚಿತ ವೈದ್ಯಕೀಯ ಸೌಲಭ್ಯ ಇರಬೇಕು ಎಂದಿತ್ತು. ಮುಕಾದಮನ ಕೈಬರಹದ ಉಚಲ ಪುಸ್ತಕಕ್ಕೆ ಅದು ಮುಟ್ಟಲೇ ಇಲ್ಲ. 2017ರ ಮಾನಸಿಕ ಆರೋಗ್ಯ ಕಾಯ್ದೆ, ಜೀವ ಕಳೆದುಕೊಳ್ಳಲು ಹೋದವರನ್ನು ತೀವ್ರ ಒತ್ತಡದಲ್ಲಿದ್ದವರೆಂದೇ ಭಾವಿಸಬೇಕು, ಶಿಕ್ಷಿಸಬಾರದು ಎಂದಿತು. 2022ರ ಅಕ್ಟೋಬರ್ 10ರಂದು ಟೆಲಿ-ಮಾನಸ್ ಎಂಬ ಮಾನಸಿಕ ಆರೋಗ್ಯ ಸಹಾಯವಾಣಿ ಶುರುವಾಯಿತು. 14416ಕ್ಕೆ ಫೋನ್ ಮಾಡಿದರೆ ಕನ್ನಡದಲ್ಲೂ ಮರಾಠಿಯಲ್ಲೂ ಮಾತಾಡಬಹುದು, ಹಗಲು ರಾತ್ರಿ, ದುಡ್ಡಿಲ್ಲದೆ. ಲಸಿಕೆಯ ಪೆಟ್ಟಿಗೆ ಹಿಡಿದು ಗದ್ದೆಯ ಬದುವಿಗೆ ಬರುವ ಆರೋಗ್ಯ ಸಹಾಯಕಿ, ಕೂಸಿನ ತೂಕ ನೋಡಿದ ಮೇಲೆ, ಆ ಐದು ಅಂಕಿಗಳನ್ನು ತಾಯಿಯ ಮೊಬೈಲಿನಲ್ಲಿ ಉಳಿಸಿ ಹೋಗಬಹುದು.